ಗಡಿಗೆಗೆ ಬೀಳದ ಕಲ್ಲು

ನನ್ನ ಅತ್ತೆ ಮಾಳವ್ವ ಕಣ್ಣು ಮುಚ್ಚುವ ಹಿಂದಿನ ದಿನ ನನ್ನನ್ನು ಹತ್ತಿರ ಕರೆದು ಗಡಿಗೆಯನ್ನು ನನ್ನ ಮಡಿಲಲ್ಲಿ ಇಟ್ಟಳು. ಅದರಲ್ಲಿ ಆಗ ಹನ್ನೊಂದು ಕಲ್ಲುಗಳಿದ್ದವು. ಒಂದೊಂದನ್ನೇ ತೆಗೆದು ನನ್ನ ಕೈಗೆ ಕೊಡುತ್ತ, ಇದು ಇಂಥವಳ ತವರಿನ ಸಾವು, ಇದು ಇಂಥವಳ ತಮ್ಮ ಜೈಲಿಗೆ ಹೋದದ್ದು, ಇದು ಇಂಥವಳ ಅಕ್ಕನ ಮನೆ ಸುಟ್ಟದ್ದು ಎಂದು ಹೇಳಿದಳು. ಒಂದೇ ಸಲ ಹೇಳಿದಳು. ನಾನು ತಿರುಗಿ ಒಪ್ಪಿಸಿದೆ, ಹನ್ನೊಂದರಲ್ಲಿ ಒಂದೂ ತಪ್ಪಲಿಲ್ಲ. "ಸಾಕು, ನಿನ್ ತಲೆ ಗಟ್ಟಿ ಐತೆ," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಶಾಲೆಗೆ ಹೋದದ್ದು ಎರಡು ವರ್ಷ, ಅದೂ ಮಳೆ ಬಾರದ ದಿನಗಳಲ್ಲಿ. ಬರೆದಿಟ್ಟುಕೊಳ್ಳುವ ಚಾಳಿ ಇಲ್ಲದವರ ತಲೆಯೇ ಈ ಕೆಲಸಕ್ಕೆ ಬೇಕು ಎಂದು ಅತ್ತೆ ಮೊದಲಿನಿಂದ ಹೇಳುತ್ತಿದ್ದಳು.

ನಮ್ಮದು ಸುಣ್ಣದ ಊರು. ಹೊಳೆಯ ಆಚೆ ಕಲ್ಲುಗುಡ್ಡ, ಈಚೆ ಸುಣ್ಣ ಸುಡುವ ಗೂಡುಗಳು, ಗೂಡುಗಳ ಬೆನ್ನಿಗೆ ಮನೆಗಳು. ಗುಡ್ಡಕ್ಕೆ ಕಲ್ಲು ಒಡೆಯಲು ಹೋದ ಗಂಡಸರು ತಿರುಗಿ ಬರುವುದು ತಿಂಗಳುಗಳು ಕಳೆದ ಮೇಲೆ. ಬಸುರಾದ ಹೆಂಗಸಿಗೆ ಮೂರು ತಿಂಗಳು ತುಂಬಿತೆಂದರೆ ಅವಳ ಮನೆಯ ಹೊಸ್ತಿಲಿಗೆ ಸುಣ್ಣದಲ್ಲಿ ನೀಲಿ ಕಲಸಿ ಒಂದು ಗೆರೆ ಎಳೆಯುತ್ತಾರೆ. ಆ ಗೆರೆಯನ್ನು ಕೆಟ್ಟ ಸುದ್ದಿ ದಾಟಬಾರದು. ಸುದ್ದಿ ತಂದವನು ನೇರ ನನ್ನ ಮನೆಗೆ ಬರಬೇಕು, ಜಗಲಿಯ ಮೇಲೆ ಕೂತು ನನ್ನೊಬ್ಬಳಿಗೆ ಹೇಳಬೇಕು, ದಾರಿಯಲ್ಲಿ ಆಯ್ದು ತಂದ ಒಂದು ಹಸಿ ಸುಣ್ಣದ ಕಲ್ಲನ್ನು ಗಡಿಗೆಗೆ ಹಾಕಿ ಕೈ ತೊಳೆದುಕೊಂಡು ಹೋಗಬೇಕು. ಹೆರಿಗೆಯಾಗಿ ಮೂರು ತಿಂಗಳಿಗೆ ಗೆರೆ ಅಳಿಸಿದ ದಿನ ನಾನು ಆ ಕಲ್ಲು ಹಿಡಿದುಕೊಂಡು ಅವಳ ಮನೆಗೆ ಹೋಗುತ್ತೇನೆ. ಮಗುವನ್ನು ಬೇರೆ ಯಾರ ಮಡಿಲಿಗಾದರೂ ಕೊಡು ಎನ್ನುತ್ತೇನೆ. ಆಮೇಲೆ ಹೇಳುತ್ತೇನೆ. ಹೇಳಿಯಾದ ಮೇಲೆ ಕಲ್ಲನ್ನು ಗೂಡಿಗೆ ಹಾಕಿ, ಸುಟ್ಟು ಬಂದ ಸುಣ್ಣದಿಂದ ಅದೇ ಮನೆಯ ಗೋಡೆ ಬಳಿಯುತ್ತಾರೆ. ನಮ್ಮೂರ ಗೋಡೆಗಳ ಬಿಳುಪನ್ನು ಹೊರಗಿನವರು ಹೊಗಳುತ್ತಾರೆ. ನಾವು ಸುಮ್ಮನಿರುತ್ತೇವೆ.

ಗೆರೆ ದಾಟಿದರೆ ಏನಾಗುತ್ತದೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪ್ರತಿ ಕೇರಿಯಲ್ಲೂ ಒಬ್ಬಿಬ್ಬರು ಸೋರುವವರು ಇದ್ದಾರೆ. ತಾಯಿ ಬಸುರಿಯಾಗಿದ್ದಾಗ ಯಾವುದಕ್ಕೆ ಹೆದರಿದಳೋ ಅದೊಂದು ಅವರ ತಲೆಯಲ್ಲಿ ಕೂತುಬಿಟ್ಟಿರುತ್ತದೆ, ಮಿಕ್ಕದ್ದಕ್ಕೆ ಅಲ್ಲಿ ಜಾಗವಿಲ್ಲ. ಹಗಲೆಲ್ಲ ನೋಡಿದ್ದು, ಆಡಿದ್ದು, ಉಂಡದ್ದು ಮಲಗಿ ಏಳುವುದರೊಳಗೆ ಸೋರಿಹೋಗಿರುತ್ತದೆ. ಸಾವಿರ ಸಲ ಆದದ್ದು ಮಾತ್ರ ಹೆಂಚಿಗೆ ಮಸಿ ಹಿಡಿದ ಹಾಗೆ ನಿಧಾನ ಹಿಡಿಯುತ್ತದೆ: ಹೆತ್ತವಳ ಮುಖ, ಮನೆಯ ಬಾಗಿಲು, ರೊಟ್ಟಿ ತಟ್ಟುವ ಕೈ. ಗೂಡುಗಳ ಯಜಮಾನ ಬೊಮ್ಮಣ್ಣನ ತಮ್ಮನೇ ಸೋರುವವನು. ಅವರ ತಾಯಿ ಅವನನ್ನು ಹೊತ್ತಿದ್ದಾಗ ಕೆರೆಯ ಏರಿ ಒಡೆದಿತ್ತು. ಐವತ್ತು ದಾಟಿದ ಆ ಗಂಡಸು ಯಾರಾದರೂ ಬಿಂದಿಗೆಯಿಂದ ನೀರು ಸುರಿದರೆ ಈಗಲೂ ಜಗಲಿ ಹತ್ತಿ ಕಂಬ ತಬ್ಬಿಕೊಳ್ಳುತ್ತಾನೆ. ಅವನು ಕೆರೆಯನ್ನೇ ಕಂಡವನಲ್ಲ.

ಊರು ಇಂಥವರಿಗೆ ಹೊಂದಿಕೊಂಡಿದೆ. ಒಂದು ಮನೆಯ ಬಾಗಿಲಿನ ಬಣ್ಣ ಇನ್ನೊಂದಕ್ಕೆ ಇಲ್ಲ. ಮೇಷ್ಟ್ರು ದಿನವೂ ಮೊದಲ ಅಕ್ಷರದಿಂದ ಶುರು ಮಾಡುತ್ತಾರೆ. ಮತ್ತೆ ನಮ್ಮೂರಲ್ಲಿ ಯಾರಿಗೆ ಯಾರು ಎದುರಾದರೂ ಮೊದಲು ತಮ್ಮ ಹೆಸರು ಹೇಳಿಕೊಳ್ಳುತ್ತಾರೆ, ಒಂದೇ ಮನೆಯವರಾದರೂ ಸರಿಯೇ. "ನಾನು ದುಗ್ಗಮ್ಮ," ಎಂದ ಮೇಲೆಯೇ ಮುಂದಿನ ಮಾತು. ಎಲ್ಲರೂ ಹೇಳುವುದರಿಂದ ಸೋರುವವರು ಯಾರ ಹೆಸರನ್ನೂ ಕೇಳಿ ತಲೆ ತಗ್ಗಿಸಬೇಕಾಗಿಲ್ಲ.

ರಾಚಿ ನಮ್ಮ ಮನೆಯಿಂದ ನಾಲ್ಕನೆಯ ಬಾಗಿಲಿನವಳು, ಹಳದಿ ಬಾಗಿಲು. ಮದುವೆಯಾಗಿ ಬಂದಾಗ ಹತ್ತೊಂಬತ್ತು ವರ್ಷ, ನನಗೆ ಆಗ ನಲವತ್ತರ ಹತ್ತಿರ. ಬಾಯಿ ಜೋರು, ನಗುವೂ ಜೋರು. ಅವಳ ಗಂಡ ಹಲಗಯ್ಯ ಗುಡ್ಡದಲ್ಲಿ ಕಲ್ಲು ಒಡೆಯುವವನು. ಅವಳಿಗೆ ಐದು ತಿಂಗಳಾಗಿದ್ದಾಗ ಗುಡ್ಡ ಜರಿದು ಹಲಗಯ್ಯ ಅದರಡಿ ಹೋದ. ಸುದ್ದಿ ತಂದವನು ನನ್ನ ಜಗಲಿಯಲ್ಲಿ ಕೂತು ಹೇಳಿ, ಗಡಿಗೆಗೆ ಕಲ್ಲು ಹಾಕಿ, ಕೈ ತೊಳೆದು ಹೋದ. ಆ ದಿನ ನಾನು ಮಾಮೂಲಿನಂತೆ ಸಾರಿಗೆ ಹುಣಿಸೆ ಕಿವುಚಿದೆ. ಎಷ್ಟೋ ವರ್ಷದ ಅಭ್ಯಾಸ.

ನಾವು ಯಾರೂ ಲೆಕ್ಕಕ್ಕೆ ತಗೊಳ್ಳದೆ ಇದ್ದದ್ದು ಒಂದೇ. ಸುದ್ದಿ ಗೆರೆ ದಾಟಲಿಲ್ಲ, ಆದರೆ ನಾವು ದಾಟುತ್ತಿದ್ದೆವು. ಗುಡ್ಡದಿಂದ ಬಂದವನನ್ನು ನನ್ನ ಜಗಲಿಯಲ್ಲಿ ಕಂಡೇ ಕೇರಿ ಎಲ್ಲ ಊಹಿಸಿಕೊಂಡಿತ್ತು. ಹೂವಿನವಳು ರಾಚಿಗೆ ಒಂದು ಮೊಳ ಹೆಚ್ಚು ಅಳೆದಳು. ನಲ್ಲಿಯ ಹತ್ತಿರ ದಿನವೂ ಅವಳೊಡನೆ ಕಚ್ಚಾಡುತ್ತಿದ್ದ ಪಕ್ಕದ ಮನೆಯವಳು "ನೀನೇ ಮೊದ್ಲು ಹಿಡ್ಕೊಳವ್ವ," ಎಂದಳು. ಇಡೀ ಕೇರಿ ಅವಳನ್ನು ಕಂಡರೆ ಮೆತ್ತಗಾಯಿತು. ಮಾರನೆಯ ದಿನವೇ ರಾಚಿ ನನ್ನ ಜಗಲಿಗೆ ಬಂದು ಕೂತಳು.

"ನಾನು ರಾಚಿ. ಅಕ್ಕ, ನಿನ್ ಗಡಿಗೇಲಿ ನಂದೇನಾದ್ರೂ ಐತಾ?"

ಬಸುರಿಯರು ಹೀಗೆ ಕೇಳುವುದುಂಟು. ಅತ್ತೆ ಕಲಿಸಿದ ಉತ್ತರ ನನ್ನ ಬಾಯಲ್ಲಿ ತಯಾರಿತ್ತು. "ಇಲ್ಲ ಕಣೆ ರಾಚಿ, ನಿಂದೇನೂ ಇಲ್ಲ. ಹೋಗಿ ಮಜ್ಜಿಗೆ ಕುಡಿ."

ಅವಳು ನನ್ನ ಮುಖವನ್ನೇ ನೋಡಿ, ಎದ್ದು ಹೋದಳು. ಮರುದಿನ ಮತ್ತೆ ಬಂದಳು. ಅದರ ಮರುದಿನವೂ. ನಾಲ್ಕು ತಿಂಗಳು ಒಂದು ದಿನ ತಪ್ಪದೆ ಬಂದು ಅದೇ ಮಾತು ಕೇಳಿದಳು, ನಾನು ಅದೇ ಮಾತು ಹೇಳಿದೆ. ಬರಬರುತ್ತ ಅವಳ ನಗು ನಿಂತಿತು. ಕೆನ್ನೆಯ ಮೂಳೆ ಎದ್ದು ಕಂಡಿತು. ಬಾಗಿಲು ಬಡಿದರೆ ಬೆಚ್ಚುವಳು, ಬಡಿಯದಿದ್ದರೆ ಎದ್ದೆದ್ದು ನೋಡುವಳು. ಸೂಲಗಿತ್ತಿ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು, "ಮಗಾ ಒಳಗೆ ಮುಷ್ಟಿ ಬಿಗಿದಂಗೈತೆ ಕಣಮ್ಮ," ಎಂದು ನನ್ನ ಹತ್ತಿರ ಹೇಳಿದಳು. ನಾನು ಅದನ್ನೂ ನನ್ನಲ್ಲೇ ಇಟ್ಟುಕೊಂಡೆ. ಇಟ್ಟುಕೊಳ್ಳುವುದೇ ನನ್ನ ಕೆಲಸವಾಗಿತ್ತಲ್ಲ.

ಹೆಣ್ಣು ಹುಟ್ಟಿತು. ಬೆಳ್ಳಿ ಎಂದು ಹೆಸರಿಟ್ಟರು. ಗೆರೆ ಅಳಿಸಿದ ದಿನ ಕಲ್ಲು ಹಿಡಿದು ಹೋದೆ. "ಮಗೂನ ಯಾರಿಗಾದ್ರೂ ಕೊಡು," ಎಂದೆ. ರಾಚಿ ಕೊಡಲಿಲ್ಲ. ಎದೆಗೆ ಅವಚಿಕೊಂಡೇ ಕೇಳಿದಳು. ನಾನು ಹೇಳಿ ಮುಗಿಸಿದಾಗ ಅಳಲೂ ಇಲ್ಲ. "ನಂಗೆ ಗೊತ್ತಿತ್ತು ಬುಡಕ್ಕ," ಎಂದು ಕಲ್ಲು ಇಸಿದುಕೊಂಡು ತಾನೇ ಗೂಡಿಗೆ ಹಾಕಿ ಬಂದಳು.

ಬೆಳ್ಳಿ ಸೋರುವವಳೆಂದು ತಿಳಿಯಲು ನಾಲ್ಕು ವರ್ಷ ಹಿಡಿಯಿತು. ನಮ್ಮಲ್ಲಿ ಅದಕ್ಕೊಂದು ಪರೀಕ್ಷೆಯಿದೆ. ಸಂಜೆ ಮಗುವಿನ ಕಣ್ಣೆದುರೇ ಮೂರು ಬೋಗುಣಿಗಳಲ್ಲಿ ಒಂದರ ಕೆಳಗೆ ಬೆಲ್ಲದ ಚೂರು ಮುಚ್ಚಿಟ್ಟು, ಬೆಳಿಗ್ಗೆ ತಗೋ ಎನ್ನುತ್ತಾರೆ. ಬೆಳ್ಳಿ ಬೋಗುಣಿಗಳನ್ನು ನೋಡಿದಳು, ನಮ್ಮನ್ನು ನೋಡಿದಳು, ಏನು ತಗೋಬೇಕು ಎಂಬಂತೆ ಬರಿಗೈ ಚಾಚಿದಳು. ಯಾರೂ ನಂಬಲಿಲ್ಲ. ಗೆರೆ ದಾಟಿಲ್ಲವಲ್ಲ, ಮಗು ಹೇಗೆ ಸೋರಿತು ಎಂದು ಕೇರಿಯೆಲ್ಲ ತಲೆ ಕೆಡಿಸಿಕೊಂಡಿತು. ರಾಚಿಗೆ ಹೇಳಿಬಿಟ್ಟವರು ಯಾರೋ ಇದ್ದಾರೆ ಎಂದು ಬೊಮ್ಮಣ್ಣ ಒಬ್ಬೊಬ್ಬರನ್ನೂ ಕರೆಸಿ ವಿಚಾರಿಸಿದ. ನಾನು ಗಡಿಗೆ ಮುಟ್ಟಿ ಆಣೆ ಮಾಡಿದೆ.

ಅದಾಗಿ ಒಂದು ತಿಂಗಳಿಗೆ, ಒಂದು ಬೆಳಿಗ್ಗೆ, ನಾನು ರಾಚಿಯ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದೆ. ರಾಚಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಬೆಳ್ಳಿ ಮರದ ಗೊಂಬೆಯೊಂದನ್ನು ಎದುರಿಗೆ ಕೂರಿಸಿಕೊಂಡು ಅದಕ್ಕೆ ಹೇಳಿದಳು, "ಇಲ್ಲ ಕಣೆ ರಾಚಿ, ನಿಂದೇನೂ ಇಲ್ಲ. ಹೋಗಿ ಮಜ್ಜಿಗೆ ಕುಡಿ."

ನನ್ನದೇ ದನಿ. ನಾನು ಮಾತಿಗೆ ಮೊದಲು ಸಣ್ಣಗೆ ಕೆಮ್ಮುತ್ತೇನೆ, ಆ ಕೆಮ್ಮೂ ಇತ್ತು. ಪಕ್ಕದ ಮನೆಯವಳು, "ಅಯ್ಯೋ ನೋಡ್ರೇ, ಹೆತ್ತವ್ವನ್ನ ಹೆಸರಿಡಿದು ಕರೆದು ಮಜ್ಜಿಗೆ ಕುಡಿ ಅಂತದೆ," ಎಂದು ನಕ್ಕಳು. ನನ್ನ ಕೈಯ ಸೊಪ್ಪು ಕೈಯಲ್ಲೇ ಉಳಿಯಿತು. ಗುಡ್ಡ ಜರಿದ ಸದ್ದು ಆ ಮಗುವಿನ ತಲೆಯಲ್ಲಿ ಇರಲಿಲ್ಲ. ಅಪ್ಪನ ಸಾವೂ ಇರಲಿಲ್ಲ. ಅಲ್ಲಿ ಕೂತದ್ದು ನಾನು.

ಇದನ್ನು ಯಾರಿಗೂ ಹೇಳಲಿಲ್ಲ. ಹಿತ್ತಲಲ್ಲಿದ್ದ ರಾಚಿಗೆ ಕೇಳಿಸಿಲ್ಲ ಎಂದುಕೊಂಡೆ. ಮುಂದೆಯೂ ಬಸುರಿಯರು ಬಂದು ಕೇಳಿದಾಗ ಅದೇ ಉತ್ತರ ಕೊಟ್ಟೆ, ಏಕೆಂದರೆ ಬೇರೆ ಉತ್ತರ ನನಗೆ ಗೊತ್ತಿರಲಿಲ್ಲ. ಅವರಲ್ಲಿ ಕೆಲವರ ಮಕ್ಕಳು ಸೋರಿದವು, ಕೆಲವರದು ಇಲ್ಲ. ಸೋರಿದ ಮಕ್ಕಳ ಮನೆಗೆ ಹೋಗುವುದನ್ನು ನಿಧಾನವಾಗಿ ಕಡಿಮೆ ಮಾಡಿದೆ. ಅವುಗಳ ಬಾಯಲ್ಲಿ ಏನು ಬರುತ್ತದೋ ಎಂಬ ಭಯ.

ಬೆಳ್ಳಿ ಬೆಳೆದಳು. ಅವಳನ್ನು ಮದುವೆಯಾಗಿ ರಾಚಿಯ ಮನೆಗೇ ಬಂದು ಉಳಿದವನು ಮುದ್ದ, ಸುಟ್ಟ ಸುಣ್ಣವನ್ನು ದೋಣಿಯಲ್ಲಿ ಹೊಳೆಯ ಕೆಳಗಿನ ಊರುಗಳಿಗೆ ಒಯ್ಯುವವನು. ತಮಾಷೆಯ ಆಳು. ದಿನಾ ಬೆಳಿಗ್ಗೆ ಹೆಂಡತಿಯ ಮುಂದೆ ಕೈಕಟ್ಟಿ ನಿಂತು, "ನಾನು ಮುದ್ದ, ನಿನ್ ಗಂಡ. ನಿನ್ನೆ ನೀನು ನಂಗೆ ಬೈದೆ, ಇವತ್ತು ರೊಟ್ಟಿಗೆ ಬೆಣ್ಣೆ ಹಾಕ್ತೀನಿ ಅಂತ ಮಾತು ಕೊಟ್ಟೆ," ಎನ್ನುತ್ತಿದ್ದ. ಅವಳು ಬಾಯಿಗೆ ಸೆರಗು ಒತ್ತಿ ನಗುತ್ತ, "ಸುಳ್ಳು, ನಾನ್ಯಾವತ್ತು ಕೊಟ್ಟೆ?" ಎನ್ನುವಳು. "ಕೊಟ್ಟಿಲ್ಲ ಅಂತ ನೀನ್ ಹೆಂಗೆ ಹೇಳ್ತೀಯೆ?" ಎನ್ನುವನು. ಒಂದು ವರ್ಷಕ್ಕೆ ಅವನೊಬ್ಬ ಇದ್ದಾನೆ ಎಂಬುದು ಅವಳಿಗೆ ಮಸಿ ಹಿಡಿದ ಹಾಗೆ ಹಿಡಿಯಿತು. ಎದ್ದ ಕೂಡಲೇ "ಅವ್ರೆಲ್ಲಿ?" ಎಂದು ಕೇಳುವಷ್ಟು. ರಾಚಿ ಆ ದಿನ ನಮ್ಮ ಮನೆಗೆ ಬಂದು ಹೇಳಿ ಅತ್ತಳು. ಗಂಡ ಸತ್ತಾಗ ಅಳದವಳು.

ಬೆಳ್ಳಿ ಐದು ತಿಂಗಳ ಬಸುರಿಯಾಗಿದ್ದಾಗ ದೋಣಿಗೆ ನೀರು ನುಗ್ಗಿತು. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಹೇಗೆ ಕುದಿದು ಸುಡುತ್ತದೆಂದು ನಮ್ಮೂರ ಮಕ್ಕಳಿಗೂ ಗೊತ್ತು. ದೋಣಿಯ ಇನ್ನೊಬ್ಬ ಆಳು ಈಜಿ ದಡ ಸೇರಿ, ಮೂರು ದಿನ ನಡೆದು, ನನ್ನ ಜಗಲಿಗೆ ಬಂದು ಕೂತ. ಹೇಳಿದ. ಕಲ್ಲು ಹಾಕಲು ಕೈ ಎತ್ತಿದ. ಆಗ ಹಿಂದಿನಿಂದ ರಾಚಿ ಬಂದು ಅವನ ಮಣಿಕಟ್ಟು ಹಿಡಿದುಕೊಂಡಳು. ಅಳಿಯ ಬರುವುದು ತಡವಾಯಿತೆಂದು ಅವಳು ಎರಡು ದಿನದಿಂದ ನನ್ನ ಬಾಗಿಲು ಕಾಯುತ್ತಿದ್ದಳೆಂದು ಆಮೇಲೆ ತಿಳಿಯಿತು.

"ಗಡಿಗೆಗೆ ಹಾಕ್ಬ್ಯಾಡ," ಎಂದಳು. ಕಲ್ಲು ಕಿತ್ತುಕೊಂಡು ಅವನನ್ನು ಕಳಿಸಿದಳು. ಅವನು ಕೈ ತೊಳೆಯುವುದನ್ನೂ ಮರೆತು ಹೋದ.

"ರಾಚಿ, ಅವಳಿಗೆ ಹೇಳಿದ್ರೆ ಹೊಟ್ಟೇಲಿರೋದಕ್ಕೆ ಏನಾಗ್ತದೆ ಗೊತ್ತಲ್ಲ," ಎಂದೆ.

"ಹೇಳ್ದಿದ್ರೆ ಏನಾಗ್ತದೆ ಅನ್ನೋದೂ ಗೊತ್ತಕ್ಕ." ಅವಳು ನನ್ನ ಪಕ್ಕ ಕೂತಳು. "ಇಲ್ಲ ಕಣೆ ರಾಚಿ, ನಿಂದೇನೂ ಇಲ್ಲ, ಹೋಗಿ ಮಜ್ಜಿಗೆ ಕುಡಿ. ನೀನೊಬ್ಬಳೇ ಕೇಳಿಸ್ಕೊಂಡೆ ಅಂದ್ಕೊಂಡಿದ್ಯಾ? ನನ್ ಮಗಳು ಮಾತು ಕಲ್ತಾಗಿಂದ ದಿನಾ ಅದನ್ನ ಹೇಳ್ತಾಳೆ. ನಿನ್ ದನೀಲಿ ಹೇಳ್ತಾಳೆ."

"ಮತ್ತೆ ಇಷ್ಟು ವರ್ಷ ಯಾಕೆ ಸುಮ್ನಿದ್ದೆ?"

"ನಿನ್ ಮುಖ ನೋಡಿ ಸುಮ್ನಿದ್ದೆ. ಸೋರೋ ಮಕ್ಕಳ ಮನೆ ಮುಂದೆ ನೀನು ಹೆಂಗೆ ಸರಸರ ನಡೀತಿದ್ದೆ, ನಾನು ನೋಡ್ಲಿಲ್ವಾ?"

ಗಡಿಗೆಯನ್ನು ಬದಿಗೆ ಸರಿಸಿದೆ. ಆಮೇಲೆ ನಾನು ಹೇಳಿದೆ, "ಬೇರೆಯವರಾದ್ರೆ ಒಂದು ದಿನ ಹೇಳಿದ್ರೆ ಮುಗೀತು. ಇವಳಿಗೆ ಬೆಳಗಾದ್ರೆ ಮರ್ತೋಗ್ತದೆ. ಮತ್ತೆ ಗಂಡ ಎಲ್ಲಿ ಅಂತಾಳೆ. ದಿನಾ ಹೊಸದಾಗಿ ಸಾಯಿಸ್ಬೇಕು ಅವನ್ನ, ಅವಳ ಕಣ್ಮುಂದೆ. ನನ್ ಕೈಲಾಗಲ್ಲ ಕಣೆ."

"ನಂಗೆ ದಿನಾ ಸುಳ್ಳು ಹೇಳೋಕೆ ನಿನ್ ಕೈಲಾಯ್ತಲ್ಲಕ್ಕ," ಎಂದಳು ರಾಚಿ. ಬೈದು ಹೇಳಲಿಲ್ಲ. ಕಲ್ಲನ್ನು ನನ್ನ ಸೆರಗಿಗೆ ತಾನೇ ಗಂಟು ಹಾಕಿದಳು.

ಮರುದಿನ ಬೆಳಿಗ್ಗೆ ಹಳದಿ ಬಾಗಿಲಿನ ಮುಂದೆ ನಿಂತೆ. ಹೊಸ್ತಿಲ ಮೇಲಿನ ನೀಲಿ ಗೆರೆ ನಾನೇ ಎಳೆದದ್ದು. ನಲವತ್ತು ವರ್ಷಕ್ಕೆ ಹತ್ತಿರ ಬಂದಿತ್ತು ನನ್ನ ಕೆಲಸ, ಸೆರಗಿನಲ್ಲಿ ಕಲ್ಲಿಟ್ಟುಕೊಂಡು ನಾನು ಆ ಗೆರೆ ದಾಟಿದವಳಲ್ಲ. ನಲ್ಲಿಯ ಹತ್ತಿರದ ಹೆಂಗಸರು ನೀರು ಹಿಡಿಯುವುದನ್ನು ನಿಲ್ಲಿಸಿ ನೋಡುತ್ತಿದ್ದರು. ದಾಟಿದೆ.

"ನಾನು ದುಗ್ಗಮ್ಮ," ಎಂದೆ.

"ಗೊತ್ತು, ಬಾ ದೊಡ್ಡವ್ವ." ಬೆಳ್ಳಿ ಅವರೆಕಾಳು ಸುಲಿಯುತ್ತಿದ್ದಳು. ಸೆರಗಿನ ಗಂಟು ಬಿಚ್ಚಿದ ನನ್ನ ಕೈಯಲ್ಲಿ ಕಲ್ಲು ಕಂಡಳು. ಆ ಕಲ್ಲು ಏನೆಂಬುದು ನಮ್ಮೂರಲ್ಲಿ ಸೋರುವವರಿಗೂ ಮಸಿ ಹಿಡಿದಿರುತ್ತದೆ. ಅವಳ ಕೈ ನಿಂತಿತು. "ಅದು... ನಂದಾ?"

ನನ್ನ ಗಂಟಲಿಗೆ ಆ ಹಳೆಯ ಉತ್ತರವೇ ಬಂತು. ಕೆಮ್ಮಿದೆ. ನುಂಗಿದೆ. "ಹೂಂ ಕಣವ್ವ. ನಿಂದೇ. ಕೂತ್ಕೊ. ಕೈ ಕೊಡು. ಮುದ್ದ ಇಲ್ಲ. ನಾನು ಇಲ್ಲೇ ಇರ್ತೀನಿ, ಸಂಜೆ ತನಕ ಎದ್ದೋಗಲ್ಲ."

ಆ ದಿನದ್ದು ನಾನು ಹೇಳುವುದಿಲ್ಲ. ಕಾಳಿನ ಮೊರ ಮಗುಚಿಬಿತ್ತು, ಅದನ್ನು ಆಯಲು ಎರಡು ದಿನ ಬೇಕಾಯಿತು ಎಂದಷ್ಟೇ ಹೇಳುತ್ತೇನೆ. ಸಂಜೆವರೆಗೆ ಕಲ್ಲು ಅವಳ ಮುಷ್ಟಿಯಲ್ಲಿತ್ತು, ಅವಳ ಮುಷ್ಟಿ ನನ್ನ ಮುಷ್ಟಿಯಲ್ಲಿತ್ತು. ಎರಡನೆಯ ಬೆಳಿಗ್ಗೆ ಹೋದಾಗ ಊದಿದ ಕಣ್ಣು ಮುಟ್ಟಿಕೊಳ್ಳುತ್ತ, "ದೊಡ್ಡವ್ವ, ನನ್ ಕಣ್ಣಿಗೇನಾಗೈತೆ ನೋಡು. ಅವ್ರು ದೋಣಿಯಿಂದ ಬಂದ್ರಾ?" ಎಂದಳು. ಮತ್ತೆ ಹೇಳಿದೆ. ಮೂರನೆಯ ದಿನವೂ ಹೇಳಿದೆ.

ನಾಲ್ಕನೆಯ ದಿನ ಬೊಮ್ಮಣ್ಣ ಬಂದ, ಹೆಸರು ಹೇಳಿಕೊಳ್ಳದೆ ಹೊರಗೇ ನಿಂತ. "ದುಗ್ಗಕ್ಕ, ನನ್ ತಮ್ಮ ಕಂಬ ತಬ್ಬೋದನ್ನ ನೋಡ್ಕೊಂಡು ನಾನು ಮುದುಕ ಆದೆ. ಇಂಥವು ಹುಟ್ಬಾರ್ದು ಅಂತ್ಲೇ ಊರು ಈ ಗೆರೆ ಇಟ್ಕೊಂಡೈತೆ. ನೀನೇ ದಾಟ್ದೆ. ಗಡಿಗೆ ಕೊಡು."

ಕೊಟ್ಟೆ. ಒಂಬತ್ತು ಕಲ್ಲುಗಳಿದ್ದವು, ಒಂದೊಂದೂ ಯಾರದೆಂದು ಹೇಳಿದೆ. ಗಡಿಗೆ ಅವನ ಹೆಂಡತಿಯ ಕೈಗೆ ಹೋಯಿತು. ಅದೇ ವಾರದಲ್ಲಿ ಅವನು ಎರಡು ಸಲ ರಾಚಿಯ ಹಿತ್ತಲ ಬಾಗಿಲಿಂದ ಬಂದು, "ಅಕ್ಕ, ಮೂಲೆ ಮುರಿದಿರೋದು ಯಾರ್ದು?" ಎಂದು ಕೇಳಿಕೊಂಡು ಹೋದ. "ಗಡಿಗೆ ಎತ್ಕೊಂಡೋದ್ರಿ, ತಲೇನೂ ಎತ್ಕೊಂಡೋಗ್ಬೇಕಿತ್ತು ಯಜಮಾನ್ರೇ," ಎಂದು ರಾಚಿ ಒಳಗಿನಿಂದಲೇ ಚುಚ್ಚಿದಳು. ಆದರೆ ನಲ್ಲಿಯ ಹೆಂಗಸರು ನನ್ನನ್ನು ಕಂಡು ಹೆಸರು ಹೇಳುವುದನ್ನು ಬಿಟ್ಟರು. ನಮ್ಮೂರಲ್ಲಿ ಅದಕ್ಕಿಂತ ದೊಡ್ಡ ಬಹಿಷ್ಕಾರವಿಲ್ಲ.

ಹನ್ನೆರಡನೆಯ ದಿನ ನನ್ನಿಂದ ಆಗಲಿಲ್ಲ. ಆ ದಿನ ಬೆಳ್ಳಿ ಚೆನ್ನಾಗಿ ನಿದ್ದೆ ಮಾಡಿ ಎದ್ದಿದ್ದಳು, ಮುಖ ಹೊಳೆಯುತ್ತಿತ್ತು. "ಅವ್ರೆಲ್ಲಿ?" ಎಂದಾಗ, "ಬರ್ತಾನೆ ಕಣವ್ವ, ನಾಳೆಯೋ ನಾಡಿದ್ದೋ," ಎಂದುಬಿಟ್ಟೆ. ಒಂದು ದಿನ, ಒಂದೇ ದಿನ ಅವಳು ಹೀಗಿರಲಿ ಎನಿಸಿತು. ಅವಳು ನಕ್ಕಳು. ಒಲೆ ಹಚ್ಚಿದಳು. ಹೊತ್ತು ಏರುತ್ತ ಅವಳ ಬಲಗೈ ತಾನಾಗಿ ಬಿಚ್ಚಿ ಮುಚ್ಚತೊಡಗಿತು, ಏನನ್ನೋ ಹುಡುಕುವ ಹಾಗೆ. ಒಳಗೆ ಹೊರಗೆ ಓಡಾಡಿದಳು. ತಿಂದದ್ದು ವಾಂತಿಯಾಯಿತು. "ನಂಗ್ಯಾಕೋ ಎದೆ ಹೊಡ್ಕೊಳ್ತಾ ಐತೆ ದೊಡ್ಡವ್ವ, ಯಾಕಂತ ಗೊತ್ತಾಗ್ತಿಲ್ಲ," ಎಂದಳು. ರಾಚಿ ನನ್ನನ್ನು ನೋಡಿದಳು. ಬೆಳ್ಳಿಯ ಹೊಟ್ಟೆಯ ಮೇಲೆ ಕೈಯಿಟ್ಟೆ. ಒಳಗೆ ಮುಷ್ಟಿ ಬಿಗಿದ ಹಾಗಿತ್ತು.

ಅವಳ ತಲೆ ಸೋರಿತ್ತು, ಮೈ ಸೋರಿರಲಿಲ್ಲ. ಮಧ್ಯಾಹ್ನಕ್ಕೆ ಕಲ್ಲು ತೆಗೆದು ಹೇಳಿದೆ. ಅತ್ತಳು, ಅತ್ತು ಸಾಕಾಗಿ ನನ್ನ ತೊಡೆಯ ಮೇಲೆ ಮಲಗಿದಳು. ಹೊಟ್ಟೆ ಸಡಿಲವಾಯಿತು. ಅಂದಿನಿಂದ ಒಂದು ದಿನವನ್ನೂ ನಾನು ಬಿಡಲಿಲ್ಲ.

ಮುದ್ದ ಇದ್ದಾನೆ ಎಂಬುದು ಮೊದಲೇ ಹಿಡಿದಿತ್ತು, ಅದರ ಮೇಲೆ ಮುದ್ದ ಇಲ್ಲ ಎಂಬುದು ಹಿಡಿಯಲೇ ಇಲ್ಲ. ಹಿಡಿದದ್ದು ಬೇರೆ. ಏಳನೆಯ ತಿಂಗಳ ಹೊತ್ತಿಗೆ ಬೆಳ್ಳಿ ಎದ್ದು ಮುಖ ತೊಳೆದು, ಕಂಬಕ್ಕೆ ಒರಗಿ ಕೂತು, ಬಲಗೈ ಅಂಗೈ ಮೇಲೆ ಮಾಡಿ ಇಟ್ಟುಕೊಂಡಿರುತ್ತಿದ್ದಳು. "ಯಾಕೆ ಕೂತಿದೀಯ?" ಎಂದರೆ, "ಗೊತ್ತಿಲ್ಲ. ಯಾರೋ ಏನೋ ಹೇಳ್ತಾರೆ ಅನ್ನಿಸ್ತು," ಎನ್ನುವಳು. ಕಲ್ಲು ಇಟ್ಟು ಹೇಳುತ್ತಿದ್ದೆ. ಕಣ್ಣಲ್ಲಿ ನೀರು ಬರುತ್ತಿತ್ತು, ಮೈ ನಡುಗುತ್ತಿರಲಿಲ್ಲ. ಕಲ್ಲಿನ ಮೂಲೆಗಳು ಸವೆದು ಗುಂಡಗಾಗುತ್ತ ಬಂದವು.

ಮಗು ಹುಟ್ಟಿತು, ಹೆಣ್ಣು. ಕೆಂಪಿ ಎಂದರು. ಗೆರೆ ಅಳಿಸುವ ಮಾತು ಯಾರೂ ಎತ್ತಲಿಲ್ಲ, ಅದು ಕಾಲಿಗೆ ಸಿಕ್ಕಿ ತಾನೇ ಅಳಿಸಿಹೋಗಿತ್ತು. ನಾಲ್ಕು ವರ್ಷ ಕಾದೆವು. ಪರೀಕ್ಷೆಯ ದಿನ ಬೋಗುಣಿಗಳನ್ನು ಇಟ್ಟವನು ಬೊಮ್ಮಣ್ಣನೇ. ಬೆಳಿಗ್ಗೆ ಅರ್ಧ ಊರು ಅಂಗಳದಲ್ಲಿ ನಿಂತಿತ್ತು. ಕೆಂಪಿ ಕಣ್ಣುಜ್ಜುತ್ತ ಬಂದು, ಯಾರ ಮುಖವನ್ನೂ ನೋಡದೆ, ನೇರ ನಡುವಿನ ಬೋಗುಣಿ ಎತ್ತಿ ಬೆಲ್ಲ ಬಾಯಿಗೆ ಹಾಕಿಕೊಂಡಳು. ಬೊಮ್ಮಣ್ಣ ಬಹಳ ಹೊತ್ತು ಆ ಖಾಲಿ ಬೋಗುಣಿಯನ್ನೇ ನೋಡಿದ. ಆಮೇಲೆ ನನ್ನ ಮುಂದೆ ಬಂದು, "ನಾನು ಬೊಮ್ಮಣ್ಣ," ಎಂದ. ಗಡಿಗೆಯನ್ನು ತಿರುಗಿ ಕೊಡಲು ಬಂದರು, ನಾನು ಇಸಿದುಕೊಳ್ಳಲಿಲ್ಲ.

ಕಥೆ ಇಲ್ಲಿಗೆ ನಿಂತಿದ್ದರೆ ನನಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಮರುವರ್ಷ ಚಳಿಗಾಲದಲ್ಲಿ ರಾಚಿ ಹೋದಳು, ಎದೆನೋವು, ಅರ್ಧ ದಿನದಲ್ಲಿ. ಅದೇ ತಿಂಗಳು ನನಗೆ ಜ್ವರ ಹಿಡಿದು ಕಾಲಿನ ಬಲ ಹೋಯಿತು. ಆರು ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಕಲ್ಲು ಬೆಳ್ಳಿಯ ಮನೆಯಲ್ಲೇ ಉಳಿದಿತ್ತು. ಏಳನೆಯ ಬೆಳಿಗ್ಗೆ ಗೋಡೆ ಹಿಡಿದುಕೊಂಡು ನಾಲ್ಕು ಬಾಗಿಲು ದಾಟಿ ಹೋದೆ. ಆರು ದಿನ ಯಾರೂ ಹೇಳದ ಆ ಹೆಂಗಸು ಏನಾಗಿದ್ದಾಳೋ ಎಂದುಕೊಳ್ಳುತ್ತ ಬಾಗಿಲಲ್ಲಿ ನಿಂತೆ.

ಬೆಳ್ಳಿ ಕಂಬಕ್ಕೆ ಒರಗಿ ಕೂತಿದ್ದಳು, ಅಂಗೈ ಮೇಲಾಗಿ. ಎದುರಿಗೆ ಕೆಂಪಿ ಮಂಡಿಯೂರಿ ಕೂತಿದ್ದಳು. ಐದು ವರ್ಷದ ಮಗು. ಸಣ್ಣಗೆ ಒಮ್ಮೆ ಕೆಮ್ಮಿತು.

"ನಾನು ಕೆಂಪಿ. ಕೂತ್ಕೊ. ಕೈ ಕೊಡು." ಕಲ್ಲನ್ನು ತಾಯಿಯ ಅಂಗೈಯಲ್ಲಿಟ್ಟು, ತನ್ನೆರಡು ಕೈಗಳಿಂದ ಅದನ್ನು ಮುಚ್ಚಿತು. "ಮುದ್ದ ಇಲ್ಲ. ರಾಚವ್ವನೂ ಇಲ್ಲ. ನಾನು ಇಲ್ಲೇ ಇರ್ತೀನಿ, ಸಂಜೆ ತನಕ ಎದ್ದೋಗಲ್ಲ."

ನನ್ನ ಕೆಮ್ಮು, ನನ್ನ ಮಾತು. ಹೊಟ್ಟೆಯಲ್ಲಿದ್ದಾಗಿನಿಂದ ಕೇಳಿದ್ದು ಅದರ ತಲೆಯಲ್ಲೂ ಕೂತಿತ್ತು. ಕೂತೂ ಮಿಕ್ಕದ್ದಕ್ಕೆ ಜಾಗ ಬಿಟ್ಟಿತ್ತು, ಆ ಜಾಗದಲ್ಲಿ ಅಜ್ಜಿಯ ಸಾವನ್ನೂ ಮಗು ತಾನೇ ಸೇರಿಸಿಕೊಂಡಿತ್ತು. ಬೆಳ್ಳಿ ತಲೆ ಬಗ್ಗಿಸಿದಳು. ಮಗು ಅವಳ ಬೆನ್ನು ಸವರಿತು, ನಾನು ಸವರುವ ಹಾಗೆಯೇ, ಮೇಲಿನಿಂದ ಕೆಳಕ್ಕೆ.

ಹೊರಗೆ ಕೇರಿಯ ಮಕ್ಕಳು ಕುಂಟೆಬಿಲ್ಲೆಯ ಮನೆ ಬರೆದಿದ್ದವು. "ಕೆಂಪೀ, ಬಾರೇ," ಎಂದು ಕೂಗಿದವು. ಇನ್ನೊಂದು ಸಲ ಕೂಗಿದವು. ಮಗು ಆ ಕಡೆ ನೋಡಿತು, ಏಳಲಿಲ್ಲ.

ನಾನು ಒಳಗೆ ಹೋಗಿ ಪಕ್ಕದಲ್ಲಿ ಕೂತೆ. "ನಾನು ದುಗ್ಗಮ್ಮ. ನೀನು ಹೋಗವ್ವ, ಆಡ್ಕೊ ಹೋಗು. ನಾನು ಕೂತಿರ್ತೀನಿ."

ಮಗು ತಾಯಿಯ ಮುಷ್ಟಿಯನ್ನು ಬಿಡದೆಯೇ ನನ್ನನ್ನು ನೋಡಿತು.

"ನಿನ್ನೆ ನೀನು ಬರ್ಲಿಲ್ಲ ಅಜ್ಜಿ," ಎಂದಿತು. "ಮೊನ್ನೇನೂ ಬರ್ಲಿಲ್ಲ. ಅದರ ಹಿಂದಿನ ದಿನಾನೂ ಬರ್ಲಿಲ್ಲ. ನಂಗೆ ಗ್ಯಾಪಕ ಐತೆ."